ಅಮ್ಮನ ಕರುಳು ಚೊಕ್ಕ ಮಾಡಿದ್ದು

ನಮ್ಮ ಮನೆಯಲ್ಲಿ ದಿನದ ಮೊದಲ ಮಾತು ಹೊಟ್ಟೆಯದು. ಎದ್ದವರು ದೇವರ ಹೆಸರು ಹೇಳುತ್ತಿದ್ದರೋ ಇಲ್ಲವೋ, ಹಿತ್ತಿಲಿನಿಂದ ಬಂದು ಕಾಲು ತೊಳೆಯುತ್ತ, "ಇವತ್ ಸಮಾ ಆಯ್ತ್" ಎಂದೋ "ಸಮಾ ಆಯ್ಲಿಲ್ಲ" ಎಂದೋ ಜಗಲಿಗೆಲ್ಲ ಕೇಳುವಂತೆ ವರದಿ ಒಪ್ಪಿಸುತ್ತಿದ್ದರು. ಸಮಾ ಆಗದವರಿಗೆ ಅಲ್ಲೇ ಔಷಧ ನಿಶ್ಚಯವಾಗುತ್ತಿತ್ತು. ಕಷಾಯ ಕುದಿಸುವವರು, ಹರಳೆಣ್ಣೆ ಹುಡುಕುವವರು, ನಿನ್ನೆ ತಿಂದ ಗೆಣಸನ್ನು ಬೈಯುವವರು. ಇಂಥ ಮನೆಯಲ್ಲಿ ಒಬ್ಬರ ಕರುಳಿಗೆ ನಿಜವಾಗಿಯೂ ಕಾಯಿಲೆ ಬಂದಾಗ ಎಲ್ಲರೂ ಪಂಡಿತರಾಗಿ ಕುಳಿತದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಪಂಡಿತರಲ್ಲಿ ಹಿರಿಯರು ನಮ್ಮ ದೊಡ್ಡತ್ತೆ, ಅಪ್ಪಯ್ಯನ ಅಕ್ಕ. ನಾವುಂದದ ಕಡೆ ಕೊಟ್ಟಿದ್ದರಂತೆ. ಗಂಡ ತೀರಿಕೊಂಡ ಮೇಲೆ ಕೋಟೇಶ್ವರದ ನಮ್ಮ ಮನೆಗೆ ಬಂದರು. ಬಂದವರು ಅಡುಗೆಮನೆಗೆ ಕಾಲಿಟ್ಟರು, ಆಮೇಲೆ ಆ ಮನೆ ಅವರದ್ದೇ ಆಯಿತು. ಅಮ್ಮ ಅಲ್ಲಿ ತೊಳೆಯುವ, ರುಬ್ಬುವ, ಬಡಿಸುವ ಕೆಲಸಕ್ಕೆ ಮಾತ್ರ ಇದ್ದವಳು. ಉಪ್ಪು ಎಷ್ಟು ಹಾಕಬೇಕೆಂಬುದು ದೊಡ್ಡತ್ತೆಯ ಅಧಿಕಾರ. ಅಪ್ಪಯ್ಯ ಕುಂದಾಪುರ ಪೇಟೆಯಲ್ಲಿ ಒಬ್ಬ ವಕೀಲರ ಗುಮಾಸ್ತ. ಪೇಟೆಯಲ್ಲಿ ಊರಿನವರ ವ್ಯಾಜ್ಯವನ್ನೆಲ್ಲ ಬಾಯಲ್ಲೇ ತೀರಿಸುವ ಆ ಮನುಷ್ಯ, ಮನೆಯ ಹೊಸ್ತಿಲು ದಾಟಿದರೆ, "ಅದೆಲ್ಲ ಹೆಂಗಸ್ರ್ ವಿಷಯ" ಎಂದು ವೀಳ್ಯದ ತಟ್ಟೆ ಎಳೆದುಕೊಳ್ಳುತ್ತಿದ್ದರು.

ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ನನಗೆ ಮದುವೆಯಾಗಿತ್ತು. ನನ್ನವರು ಬ್ರಹ್ಮಾವರದಲ್ಲಿ ಶಾಲೆಯ ಮಾಸ್ತರು. ಅಲ್ಲಿ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅಮ್ಮನಿಗೆ ಆಗಾಗ ಹೊಟ್ಟೆ ಉಬ್ಬಿ ನೋವು ಬರುತ್ತದೆ, ಉಂಡದ್ದು ಕೆಳಗೆ ಇಳಿಯುವುದಿಲ್ಲ ಎಂದು ಯಾರೋ ಬಂದವರು ಹೇಳಿದರು. ಹೋಗಿ ನೋಡಿದರೆ ಅಮ್ಮ ಅರ್ಧಕ್ಕೆ ಇಳಿದಿದ್ದಾಳೆ. ಓಮದ ನೀರು, ಜೀರಿಗೆ ಕಷಾಯ, ಇಂಗು, ದೃಷ್ಟಿ ತೆಗೆಯುವುದು ಎಲ್ಲ ಒಂದು ಸುತ್ತು ಮುಗಿದು ಎರಡನೆಯ ಸುತ್ತು ನಡೆಯುತ್ತಿತ್ತು. "ಗ್ಯಾಸ್ ಅಷ್ಟೇ" ಎಂದರು ದೊಡ್ಡತ್ತೆ. ಆ ಇಂಗ್ಲಿಷ್ ಶಬ್ದ ಅವರಿಗೆ ಎಲ್ಲಿ ಸಿಕ್ಕಿತೋ. ಸಿಕ್ಕಿದ ಮೇಲೆ ಊರಿನ ಎಲ್ಲ ಕಾಯಿಲೆಗೂ ಅದೇ ಹೆಸರಾಯಿತು.

ನಾನು ಜಗಳ ಮಾಡಿದೆ. ನನ್ನವರೂ ಬಂದು ಅಪ್ಪಯ್ಯನಿಗೆ ಹೇಳಿದರು. ಕಡೆಗೆ ವಕೀಲರೇ, "ಹೋಯ್ ತೋರ್ಸಿ ಮಾರಾಯ್ರೆ" ಎಂದ ಮೇಲೆ ಅಪ್ಪಯ್ಯನಿಗೆ ಹೆಂಡತಿಯ ಕಾಯಿಲೆ ಹೌದೆನ್ನಿಸಿತು. ಹೊಳೆಗಳಾಚೆ, ತೆಂಕು ದಿಕ್ಕಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಅಮ್ಮನ ಹೊಟ್ಟೆಯನ್ನು ಎಲ್ಲ ಕಡೆ ಒತ್ತಿ ನೋಡಿ, ಕೆಳಗಿನಿಂದ ಬಿಳಿ ಔಷಧ ಏರಿಸಿ ಚಿತ್ರ ತೆಗೆಸಿದರು. ಎಡಗಡೆ ಒಂದು ಜಾಗದಲ್ಲಿ ಕರುಳು ಕಿರಿದಾಗಿ ಹುರಿಯಂತಾಗಿತ್ತು. ಆ ತುಂಡನ್ನು ಕೊಯ್ದು ತೆಗೆದು ಎರಡು ಕಡೆಯನ್ನೂ ಸೇರಿಸಿ ಹೊಲಿಯಬೇಕು ಎಂದರು.

ಅವರು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ, ಏಕೆಂದರೆ ನಮ್ಮ ಕಡೆಯ ಹೆಂಗಸಿನೊಂದಿಗೆ ಒಬ್ಬ ಗಂಡಸು ಅಷ್ಟು ಹೊತ್ತು, ಅರ್ಥವಾಗುವ ಹಾಗೆ ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಕರುಳಿನಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳು ಎಲ್ಲರಿಗೂ ಇರುತ್ತವೆ. ಅಲ್ಲೇ ಇದ್ದರೆ ತೊಂದರೆ ಇಲ್ಲ. ಕೊಯ್ಯುವಾಗ ಹೊಟ್ಟೆಯೊಳಗೆ ಚೆಲ್ಲಿದರೆ ಕೀವಾಗುತ್ತದೆ, ಹೊಲಿಗೆ ನಿಲ್ಲುವುದಿಲ್ಲ. ಹಿಂದೆ ಇದರಿಂದಲೇ ಎಷ್ಟೋ ಜನ ಹೋಗುತ್ತಿದ್ದರು. ಈಗ ಈ ಸಲ್ಫಾ ಗುಳಿಗೆ ಬಂದಿದೆ. ಇದು ರಕ್ತಕ್ಕೆ ಅಷ್ಟಾಗಿ ಸೇರುವುದಿಲ್ಲ. ಕರುಳಿನಲ್ಲೇ ಉಳಿದು ಅಲ್ಲಿರುವ ಕ್ರಿಮಿಗಳನ್ನು ತಗ್ಗಿಸುತ್ತದೆ. ಒಂದು ವಾರ ಹೊತ್ತು ಹೊತ್ತಿಗೆ ಕೊಡಿ. ಗಂಜಿಯ ತಿಳಿ, ಸಕ್ಕರೆ ನೀರು, ಸೋಸಿದ ಮಜ್ಜಿಗೆ, ಅಷ್ಟೇ. ಸೊಪ್ಪು, ತರಕಾರಿ, ಹಣ್ಣು ಬೇಡ. ಒಂದು ಎಳೆ ನಾರೂ ಒಳಗೆ ಹೋಗಕೂಡದು. ದಾರಿ ಕಿರಿದಾಗಿದೆ, ಸಿಕ್ಕಿಕೊಂಡರೆ ಪೂರ್ತಿ ಕಟ್ಟುತ್ತದೆ."

ಹಾಸಿಗೆ ಖಾಲಿ ಇರಲಿಲ್ಲವಾದ್ದರಿಂದ ಈ ವಾರವನ್ನು ಮನೆಯಲ್ಲೇ ಕಳೆದು ಬರಬೇಕಿತ್ತು. ಕರುಳು ಸರಿಯಾಗಿ ತಯಾರಾಗಿದ್ದರೆ ಒಂದೇ ಸಲಕ್ಕೆ ಕೊಯ್ದು ಹೊಲಿಯಬಹುದು, ಇಲ್ಲದಿದ್ದರೆ ಹೊಟ್ಟೆಯ ಮೇಲೆ ಒಂದು ಬಾಯಿ ಮಾಡಿ ಕೆಲವು ತಿಂಗಳು ಹಾಗೇ ಬಿಡಬೇಕಾಗುತ್ತದೆ, ಮತ್ತೆ ಎರಡು ಸಲ ಕೊಯ್ಯಬೇಕಾಗುತ್ತದೆ ಎಂದರು. ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ, "ಬಾಯಿ ಅಂದ್ರೆ ಎಂತ, ಅಲ್ಲಿಂದ್ಲೇ ಹೋಪುದಾ?" ಎಂದು ಕೇಳಿದಳು. ಡಾಕ್ಟರಿಗೆ ಕೇಳಿಸಿತು. ಹೌದು ಎಂದರು.

ಬರುವಾಗ ದೋಣಿಯಲ್ಲೂ ಬಸ್ಸಿನಲ್ಲೂ ಅಮ್ಮ ನನ್ನ ಕೈ ಬಿಡಲಿಲ್ಲ. "ಅದೊಂದ್ ಬ್ಯಾಡ ಹೆಣ್ಣೆ. ಸತ್ರೂ ಅಡ್ಡಿಲ್ಲ. ಅದೊಂದ್ ಬ್ಯಾಡ" ಎಂದಳು. ನಾನು, ಗುಳಿಗೆ ಸರಿಯಾಗಿ ತಿಂದು ತಿಳಿ ಕುಡಿದುಕೊಂಡಿದ್ದರೆ ಅದರ ಅಗತ್ಯವೇ ಬರುವುದಿಲ್ಲ ಎಂದೆ. ಅಷ್ಟು ಸುಲಭದ ಕೆಲಸ ಅದು. ತಿನ್ನಬೇಕಾದದ್ದು ಒಂದು, ತಿನ್ನಬಾರದ್ದು ಉಳಿದದ್ದೆಲ್ಲ. ನಮ್ಮ ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಅದನ್ನು ಕೆಡಿಸಲು ಸಾಧ್ಯವಾಗುತ್ತಿರಲಿಲ್ಲ.

ಗುಳಿಗೆಯ ಬಾಟಲಿ ಮನೆಗೆ ಬಂದದ್ದೇ ತಡ, ಅಪ್ಪಯ್ಯ ಅದನ್ನು ಜಗಲಿಯ ಗೂಡಿನಲ್ಲಿ ಬಂದವರಿಗೆ ಕಾಣುವ ಹಾಗೆ ಇಟ್ಟರು. ಹೆಂಡತಿಯ ಕಾಯಿಲೆಗಿಂತ ಆ ಬಾಟಲಿ ಅವರಿಗೆ ದೊಡ್ಡದಾಗಿ ಕಂಡಿತು. "ವಿಲಾಯಿತಿಯದ್ದ್. ಯುದ್ಧದ್ ಹೊತ್ತಿಗೆ ಸಿಪಾಯಿಗಳಿಗೆ ಕೊಡ್ತಿದ್ರಂಬ್ರ್" ಎಂದು ತೋರಿಸುವರು. ಬಂದವರು ಮುಚ್ಚಳ ತೆಗೆದು ಮೂಸಿ ನೋಡುವರು. ವಾಸನೆಯಿಲ್ಲ, ಬಣ್ಣವಿಲ್ಲ, ಕಹಿಯಿಲ್ಲ. ಕಹಿ ಇಲ್ಲದ್ದು ಔಷಧ ಹೇಗಾದೀತು ಎಂಬ ಅನುಮಾನ ಎಲ್ಲರ ಮುಖದಲ್ಲೂ. ಗಂಗೊಳ್ಳಿಯಿಂದ ಬಂದ ನೆಂಟರೊಬ್ಬರು, "ಇದ್ ಸುಣ್ಣದ ಉಂಡಿ ಅಲ್ದಾ?" ಎಂದು ಕೇಳಿ, ಕಾಫಿ ಕುಡಿದು, ಅಮ್ಮನನ್ನು ನೋಡುವುದನ್ನೇ ಮರೆತು ಹೋದರು.

ಮೊದಲ ದಿನಗಳಲ್ಲಿ ನಾನು ಪಹರೆ ಕುಳಿತೆ. ಗಂಜಿ ನಾನೇ ಬೇಯಿಸಿ ಬಟ್ಟೆಯಲ್ಲಿ ಸೋಸುತ್ತಿದ್ದೆ. ಗುಳಿಗೆಯನ್ನು ಅರೆದು ನೀರಿನಲ್ಲಿ ಕದಡಿ ಕೊಟ್ಟರೆ ಅಮ್ಮ ತೀರ್ಥದ ಹಾಗೆ ಕುಡಿಯುತ್ತಿದ್ದಳು. ನೋವು ಕಡಿಮೆಯಾಗಿತ್ತು, ಹೊಟ್ಟೆ ಇಳಿದಿತ್ತು. ದೊಡ್ಡತ್ತೆಗೆ ಅದೇ ತಡೆಯಲಾಗದ ಸಂಗತಿ. ತಮ್ಮ ಕಷಾಯಕ್ಕೆ ಜಗ್ಗದ ಹೊಟ್ಟೆ ಸುಣ್ಣದ ಉಂಡೆಗೆ ಜಗ್ಗಿತಲ್ಲ ಎಂದು ಪಾತ್ರೆಗಳನ್ನು ಕುಟ್ಟಿ ಇಡುತ್ತಿದ್ದರು.

ಒಂದು ಮಧ್ಯಾಹ್ನ ಅವರಿಗೆ ಜ್ಞಾನೋದಯವಾಯಿತು. "ಹೌದೇ, ಗುಳ್ಗಿ ಹುಳ ಕೊಲ್ಲತ್ತ್. ಒಪ್ದೆ. ಸತ್ತ್ ಹುಳ ಎಲ್ಲಿಗ್ ಹೋತ್ತ್? ಅಲ್ಲೇ ಕೊಳಿತ್ತಿಲ್ಯಾ? ಅದನ್ನ ಗುಡ್ಸುಕ್ ಬ್ಯಾಡ್ದಾ?" ಎಂದು ನನ್ನನ್ನೇ ಕೇಳಿದರು. ನಾನು, ಅದು ಅಂಥ ಹುಳ ಅಲ್ಲ, ಕಣ್ಣಿಗೆ ಕಾಣದ್ದು ಎಂದೆ. "ಕಾಂಬುದಿಲ್ಲ ಅಂದ್ರೆ ಗುಡ್ಸುದ್ ಬ್ಯಾಡ್ದಾ? ಧೂಳ್ ಕಾಣತ್ತಾ?" ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸುವುದು ಬೇಡವೆಂದು ನಾನು ಎದ್ದು ಹೋದೆ. ಗುಡಿಸುವುದಕ್ಕೆ ಅವರ ಮನಸ್ಸಿನಲ್ಲಿ ಏನಿದೆ ಎಂಬುದು ಆಗ ತಿಳಿಯಲಿಲ್ಲ.

ನಮ್ಮ ಕಡೆ ಗೊತ್ತಿರುವವರಿಗೆ ಗೊತ್ತು. ತಿಂಗಳಿಗೊಮ್ಮೆಯಾದರೂ ಬಾಳೆದಿಂಡು ತಿನ್ನಬೇಕು, ಅನ್ನದೊಂದಿಗೆ ಹೊಟ್ಟೆಗೆ ಹೋದ ಕೂದಲು, ಕಲ್ಲು, ಮಣ್ಣೆಲ್ಲ ಅದಕ್ಕೆ ಸುತ್ತಿಕೊಂಡು ಹೊರಗೆ ಬರುತ್ತದೆ ಎಂಬುದು ಮನೆಮನೆಯ ವೇದ. ಗಟ್ಟಿ ಹೊಟ್ಟೆಯವರು ತಿಂದರೆ ತೊಂದರೆಯಿಲ್ಲ, ಪಲ್ಯ ರುಚಿಯೂ ಹೌದು. ಅದನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಾಗ ಪ್ರತಿ ಬಿಲ್ಲೆಗೂ ಬಲೆಯಂತೆ ನಾರು ಎಳೆಯುತ್ತದೆ. ಆ ನಾರನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೆದು ಬಿಸಾಡುತ್ತಾರೆ. ಮದುವೆಯಾಗಬೇಕಾದ ಹುಡುಗಿಯ ಕೈಚಳಕವನ್ನು ಅಳೆಯುವುದು ಆ ನಾರಿನ ಉಂಡೆಯಲ್ಲಿ.

ಆ ಗುಡಿಸುವ ಮಾತಿನ ಮರುದಿನವೇ ನಾನು ಹೊರಗಾದೆ. ಈಗಿನ ಹುಡುಗಿಯರಿಗೆ ಅದನ್ನು ಬಿಡಿಸಿ ಹೇಳಬೇಕು. ತಿಂಗಳ ಆ ಮೂರು ದಿನ ಹೆಂಗಸು ಕೊಟ್ಟಿಗೆಯ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಬೇಕು. ಒಳಗೆ ಕಾಲಿಡುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಎಲೆಯಲ್ಲಿ ಅನ್ನ ದೂರದಿಂದ ಬರುತ್ತದೆ. ಅಮ್ಮನ ಆರೈಕೆಗೆಂದು ಬಂದವಳಿಗೆ ಅಮ್ಮನ ಹಾಸಿಗೆಯ ಹತ್ತಿರ ಹೋಗುವಂತಿಲ್ಲ. "ಅವ್ಳನ್ನ್ ನಾನ್ ಕಾಂತೆ, ನೀ ಕೂಕೋ" ಎಂದರು ದೊಡ್ಡತ್ತೆ. ಅಷ್ಟು ಹುರುಪಿನ ದನಿಯನ್ನು ಅವರಲ್ಲಿ ನಾನು ಮೊದಲು ಕೇಳಿರಲಿಲ್ಲ. ಗುಳಿಗೆ ಕೊಡುವ ಕೆಲಸವನ್ನು ಮಾತ್ರ ಅಪ್ಪಯ್ಯನಿಗೆ ವಹಿಸಿದೆ. ದೊಡ್ಡತ್ತೆ ಮಡಿಯಲ್ಲಿ ಆ ಬಾಟಲಿಯನ್ನು ಮುಟ್ಟುತ್ತಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ದೊಡ್ಡತ್ತೆ ಹಸುವಿನ ಮುಂದೆ ಬಾಳೆಯ ಸಿಪ್ಪೆಗಳನ್ನು ತಂದು ಹಾಕಿದರು. ದಿಂಡು ಬಿಡಿಸಿದ ಸಿಪ್ಪೆ. ಕೇಳಿದರೆ, "ಎಲ್ಲರಿಗೂ ಪಲ್ಯ" ಎಂದರು. ಸರಿ, ಎಲ್ಲರಿಗೂ ಪಲ್ಯ. ಆದರೆ ನನ್ನ ಎಲೆಗೆ ಪಲ್ಯ ಬರಲಿಲ್ಲ. ಹಸುವಿನ ಮುಂದೆ ನಾರಿನ ಉಂಡೆಯೂ ಬೀಳಲಿಲ್ಲ. ಎಷ್ಟು ವರ್ಷ ಆ ಮನೆಯಲ್ಲಿ ದಿಂಡು ಹೆಚ್ಚಿದವಳು ನಾನು. ಸಿಪ್ಪೆಯ ಜೊತೆ ನಾರು ಬೀಳದಿದ್ದರೆ ಅದು ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಲು ಡಾಕ್ಟರ ಬುದ್ಧಿ ಬೇಕಿರಲಿಲ್ಲ.

ಎದ್ದು ಅಮ್ಮನ ಕೋಣೆಯ ಕಿಟಕಿಯ ಹೊರಗೆ ಹೋಗಿ ನಿಂತೆ. ಅಮ್ಮ ಗೋಡೆಗೆ ಒರಗಿ ಕುಳಿತು, ಬಟ್ಟಲಿನಿಂದ ಏನನ್ನೋ ತೆಗೆದು ಕಷ್ಟಪಟ್ಟು ಜಗಿಯುತ್ತಿದ್ದಳು. ಹಸಿ ದಿಂಡಿನ ಬಿಲ್ಲೆ, ಉಪ್ಪು ಹಾಕಿದ್ದು, ನಾರು ಸಮೇತ.

"ಎಂತ ತಿಂಬುದ್ ಅಮ್ಮ ನೀ?"

"ದಿಂಡ್. ಅತ್ಗಿ ಕೊಟ್ರ್. ನಿನ್ನೆಯೂ ಕೊಟ್ಟಿರ್." ನುಂಗಿಕೊಂಡಳು. "ನಾರ್ ತೆಗಿಲಿಲ್ಲ. ನಾರೇ ಹೊಟ್ಟಿ ಗುಡ್ಸು ಹಿಡಿಸೂಡಿ ಅಂಬ್ರ್. ಗುಡ್ಸದಿದ್ರೆ ಡಾಕ್ಟ್ರ್ ಹೊಟ್ಟಿ ಮೇಲೆ ತೂತ್ ಮಾಡ್ತ್ರಂಬ್ರ್. ನಂಗೆ ಅದ್ ಬ್ಯಾಡ ಹೆಣ್ಣೆ, ಅದ್ಕೇ ತಿಂತಿದ್ದೆ."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅಮ್ಮನಿಗೆ ಇದ್ದ ಒಂದೇ ಒಂದು ಹೆದರಿಕೆಯನ್ನು ಹಿಡಿದು ದೊಡ್ಡತ್ತೆ ಅವಳಿಗೆ ವಿಷ ತಿನ್ನಿಸುತ್ತಿದ್ದರು, ಮತ್ತು ಅವಳು ಒಂದು ಎಳೆ ಉಳಿಸದೆ ತಿನ್ನುತ್ತಿದ್ದಳು. ನನ್ನ ಮೈ ಉರಿಯಿತು. ಹಿತ್ತಿಲ ಬಾಗಿಲಿನಿಂದ ಒಳಗೆ ನುಗ್ಗಿ ಅಡುಗೆಮನೆಯನ್ನೇ ದಾಟಿ ಅಮ್ಮನ ಕೋಣೆಗೆ ಹೋಗಿ ಬಟ್ಟಲನ್ನು ಕಿತ್ತುಕೊಂಡೆ. ಬಾಯಲ್ಲಿದ್ದದ್ದನ್ನು ಉಗುಳಿಸಿದೆ. ಬಟ್ಟಲನ್ನು ಅಂಗಳಕ್ಕೆ ಎಸೆದೆ. ಈಗಲೂ ಆ ಬಟ್ಟಲು ಉರುಳಿದ ಸದ್ದು ನೆನೆದರೆ ನನಗೆ ಸಂತೋಷವಾಗುತ್ತದೆ.

ಆಮೇಲೆ ನಡೆದದ್ದನ್ನು ಏನೆನ್ನಲಿ. ಮುಟ್ಟಾದವಳು ಅಡುಗೆಮನೆ ದಾಟಿದಳು ಎಂದು ಮನೆ ಎದ್ದು ಕುಣಿಯಿತು. ಬೇಯಿಸಿದ ಅನ್ನವನ್ನು ಕಲಗಚ್ಚಿಗೆ ಸುರಿದರು. ಕೊಡದ ನೀರು ಚೆಲ್ಲಿದರು. ನೆಲ ಸಾರಿಸಿದರು. ಅಪ್ಪಯ್ಯ ಪೇಟೆಯಿಂದ ಬಂದವರು, ನಾನು ದಿಂಡಿನ ವಿಷಯ ಹೇಳುತ್ತಿದ್ದರೆ ಅತ್ತ ಕಿವಿಯನ್ನೇ ಕೊಡದೆ, "ನೀ ಒಳ್ಗ್ ಹೋದದ್ದ್ ಹೌದಾ ಅಲ್ದಾ, ಅದನ್ನ್ ಹೇಳ್" ಎಂದು ಪಾಟೀಸವಾಲು ಹಾಕಿದರು. ನಾನು ಹೌದೆಂದೆ. ಅಲ್ಲಿಗೆ ಅವರ ಕೇಸು ಮುಗಿಯಿತು. ದಿಂಡು, ನಾರು, ಕರುಳು ಯಾವುದೂ ದಾಖಲಾಗಲಿಲ್ಲ.

ಇಷ್ಟಕ್ಕೇ ನಿಲ್ಲಲಿಲ್ಲ. ನಾನು ಮುಟ್ಟಿದ್ದರಿಂದ ಅಮ್ಮನಿಗೂ ಮೈಲಿಗೆ. ಕಾಯಿಲೆಯ ಮೈಗೆ ಬಾವಿಯ ತಣ್ಣೀರು ಸುರಿದು, ಪುರೋಹಿತರನ್ನು ಕರೆಸಿ, ಅಂಗೈಗೆ ಪಂಚಗವ್ಯ ಹಾಕಿ ಕುಡಿಸಿದರು. ಕರುಳಿನ ಕ್ರಿಮಿ ತಗ್ಗಲೆಂದು ಸಮುದ್ರ ದಾಟಿ ಬಂದ ಗುಳಿಗೆ ಒಂದು ಕಡೆಯಿಂದ, ಹಸುವಿನ ಸಗಣಿ ಗಂಜಲ ಇನ್ನೊಂದು ಕಡೆಯಿಂದ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನಾನು ಇದನ್ನು ನೋಡಿದೆ. ನಗು ಬಂತು. ಆ ನಗುವಿಗೂ ನನಗೆ ಬೈಗುಳವೇ ಸಿಕ್ಕಿತು.

ಸಂಜೆಗೆ ಅಮ್ಮನ ಹೊಟ್ಟೆ ಕಲ್ಲಾಯಿತು. ಗಾಳಿಯೂ ಹೊರಗೆ ಹೋಗುತ್ತಿಲ್ಲ, ನೀರೂ ಒಳಗೆ ನಿಲ್ಲುತ್ತಿಲ್ಲ. ಡಾಕ್ಟರು ಹೇಳಿದಂತೆಯೇ ಕಟ್ಟಿತ್ತು. ದೊಡ್ಡತ್ತೆ ಹೊಸ್ತಿಲಲ್ಲಿ ನಿಂತು ಬಂದವರಿಗೆಲ್ಲ, "ಸಮಾ ಆತಿತ್ತ್. ಇವ್ಳ್ ಹೋಯ್ ಮುಟ್ಟಿದ್ಲಲ್ದಾ, ಮೈಲ್ಗಿ ಬಡೀತ್" ಎಂದು ಹೇಳುತ್ತಿದ್ದರು. ಬಂದವರು ಹೌದೆಂದು ತಲೆಯಾಡಿಸಿ ನನ್ನ ಕಡೆ ನೋಡುತ್ತಿದ್ದರು. ನನ್ನ ಊರಿನ ಜನರ ಮೇಲೆ ನನಗಿದ್ದ ಗೌರವದಲ್ಲಿ ಬಹುಪಾಲು ಅವತ್ತೇ ಹೋಯಿತು. ಉಳಿದದ್ದು ಮತ್ತೆ ಮೆಲ್ಲಗೆ ಹೋಯಿತು.

ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಇದ್ದಿಲು ಸುಟ್ಟು ಓಡುವ ಬಸ್ಸು. ಓಡುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಬ್ರಹ್ಮಾವರದಲ್ಲಿ ನನ್ನವರು ಹತ್ತಿಕೊಂಡರು. ಹೊಳೆ ಬಂದಲ್ಲಿ ಅಮ್ಮನನ್ನು ಬಟ್ಟೆಯ ಜೋಲಿಯಲ್ಲಿ ದೋಣಿಗೆ ಇಳಿಸಿದೆವು. ಅವಳು ವಾಂತಿ ಮಾಡುತ್ತಲೇ ಇದ್ದಳು. ನಾನು ಇನ್ನೂ ಹೊರಗಾದವಳೇ. ಅವಳ ತಲೆ ನನ್ನ ತೊಡೆಯ ಮೇಲೇ ಇತ್ತು. ಅಪ್ಪಯ್ಯ ನೋಡಿ ಮುಖ ತಿರುಗಿಸಿದರು. ಮೈಲಿಗೆ ಎಂದಿದ್ದರೆ ಹೊಳೆಗೆ ನೂಕುತ್ತಿದ್ದೆನೋ ಏನೋ.

ಡಾಕ್ಟರು ಹೊಟ್ಟೆ ಮುಟ್ಟಿದ ಕೂಡಲೇ, "ಏನು ಕೊಟ್ಟಿರಿ?" ಎಂದು ಕೇಳಿದರು.

"ತಾವು ಅಪ್ಪಣೆ ಕೊಡಿಸಿದ್ದನ್ನು ಬಿಟ್ಟು ಬೇರೇನೂ ಕೊಟ್ಟಿಲ್ಲ" ಎಂದರು ಅಪ್ಪಯ್ಯ, ಕೋರ್ಟಿನ ಕನ್ನಡದಲ್ಲಿ.

"ಬಾಳೆದಿಂಡು ಕೊಟ್ಟಿದ್ದಾರೆ, ಹಸಿಯದು, ನಾರು ತೆಗೆಯದೆ" ಎಂದೆ ನಾನು. ಡಾಕ್ಟರು ಅಪ್ಪಯ್ಯನನ್ನೊಮ್ಮೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದೇ ಕೊಯ್ದರು. ಕರುಳು ತಯಾರಾಗಿರಲಿಲ್ಲ, ಉಬ್ಬಿ ಒಡೆಯುವಂತಿತ್ತು. ಕಿರಿದಾದ ತುಂಡನ್ನು ತೆಗೆದು ಹೊಲಿಯುವ ಮಾತೇ ಇರಲಿಲ್ಲ. ಪ್ರಾಣ ಉಳಿಸಲು ಮಾಡಬಹುದಾಗಿದ್ದುದು ಒಂದೇ. ಅಮ್ಮನಿಗೆ ಎಚ್ಚರವಾದಾಗ ಕೈ ಹೊಟ್ಟೆಯ ಮೇಲೆ ಹೋಯಿತು. ಬಟ್ಟೆಯ ಕಟ್ಟು ಮುಟ್ಟಿ ನೋಡಿದಳು. ನನ್ನ ಮುಖ ನೋಡಿದಳು. ಆಚೆ ತಿರುಗಿ ಮಲಗಿದಳು.

ಆ ಬಾಯಿಯಿಂದ ಮೊದಲ ದಿನಗಳಲ್ಲಿ ಬಂದದ್ದು ನಾರು. ನರ್ಸಮ್ಮ ಚಿಮಟದಲ್ಲಿ ಎಳೆದಷ್ಟೂ ಬರುತ್ತಿತ್ತು, ಕತ್ತದ ಹುರಿಯ ಹಾಗೆ. "ಅಯ್ಯೋ ಪಾಪ, ಹಗ್ಗ ತಿಂದರಾ?" ಎಂದು ಆಕೆ ಕೇಳಿದಳು. ದೊಡ್ಡತ್ತೆಯ ಹಿಡಿಸೂಡಿ ಅಷ್ಟಂತೂ ಕೆಲಸ ಮಾಡಿತ್ತು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತ್ತು.

ಅಮ್ಮ ಮನೆಗೆ ಬಂದಳು. ಬಂದ ದಿನವೇ, ಹೊಟ್ಟೆಯ ಮೇಲಿನ ಬಾಯಿ ಮೈಲಿಗೆಯೆಂದು, ಅವಳ ಚಾಪೆ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಯಿತು. ನನಗೆ ಮೂರು ದಿನದ್ದಾಗಿದ್ದ ಜಾಗ ಅವಳಿಗೆ ಖಾಯಂ ಆಯಿತು. ಅಡುಗೆಮನೆ ಇಲ್ಲ, ದೇವರಕೋಣೆ ಇಲ್ಲ, ಬಾವಿಯ ಹಗ್ಗ ಮುಟ್ಟುವಂತಿಲ್ಲ, ಪಂಕ್ತಿಯಲ್ಲಿ ಕೂರುವಂತಿಲ್ಲ. ಅಪ್ಪಯ್ಯ ಪುರೋಹಿತರನ್ನು ಕೇಳಿದರಂತೆ, ಅವರು ಇಂಥದ್ದು ಶಾಸ್ತ್ರದಲ್ಲಿ ಎಲ್ಲೂ ಬಂದಿಲ್ಲವಾದ್ದರಿಂದ ದೂರ ಇರುವುದೇ ಒಳ್ಳೆಯದು ಎಂದರಂತೆ. ಎಲ್ಲರ ಹೊಟ್ಟೆಯಲ್ಲೂ ಇರುವುದು ಅದೇ. ಪುರೋಹಿತರ ಹೊಟ್ಟೆಯಲ್ಲಿ ಊರಿನವರ ಶ್ರಾದ್ಧದೂಟದ್ದು ಸ್ವಲ್ಪ ಹೆಚ್ಚೇ ಇದ್ದೀತು. ಅಮ್ಮನದಕ್ಕೆ ಬಾಗಿಲು ಮುಂದೆ ಇತ್ತು, ವ್ಯತ್ಯಾಸ ಅಷ್ಟೇ. ಆ ಬಾಗಿಲು ಇಡಿಸಿದವರು ಮಡಿಸೀರೆ ಉಟ್ಟು ಒಲೆಯ ಮುಂದೆ ಕುಳಿತಿದ್ದರು, ಇಡಿಸಿಕೊಂಡವಳು ದನದ ಪಕ್ಕದಲ್ಲಿದ್ದಳು. ಎಲೆಯನ್ನು ದೂರದಿಂದ ಸರಿಸಿ, "ಉಣ್ಣ್" ಎಂದು ಹೋಗುತ್ತಿದ್ದರು ದೊಡ್ಡತ್ತೆ.

ಮುಂದಿನ ಸಲ ನಾನು ಹೋದಾಗ ಅಮ್ಮ, "ಇನ್ನ್ ಎರ್ಡ್ ಸಲ ಕೊಯ್ಕ್ ಅಂದಿರಲ್ದಾ ಡಾಕ್ಟ್ರ್. ನಿಮ್ಮಪ್ಪಯ್ಯ ಸಾಕ್ ಅಂತ್ರ್. ಹಿಂಗೇ ಇರುದಾ ನಾನ್?" ಎಂದು ಕೇಳಿದಳು. ನಾನು ಅಪ್ಪಯ್ಯನನ್ನು ಕೇಳಲಿಲ್ಲ. ಬಟ್ಟೆ ಗಂಟು ಕಟ್ಟಿ ಅವಳನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಬಂದೆ. ಜಗಲಿಯಲ್ಲಿ ಕುಳಿತಿದ್ದ ಅಪ್ಪಯ್ಯ, "ಎಲ್ಲಿಗೆ?" ಎಂದರು. "ಹೆಂಗಸ್ರ್ ವಿಷಯ" ಎಂದೆ.

ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮ ಒಲೆಯ ಹತ್ತಿರವೇ ಮಲಗಿದಳು. ಮನೆಯೇ ಅಷ್ಟಿತ್ತು. ನನ್ನವರು ಅವಳ ಕೈಯ ನೀರು ಕುಡಿದರು, ಸತ್ತುಹೋಗಲಿಲ್ಲ. ಕೆಲವು ತಿಂಗಳು ಕಳೆದು ಮೈಯಲ್ಲಿ ಶಕ್ತಿ ಬಂದ ಮೇಲೆ ಡಾಕ್ಟರು ಮತ್ತೆ ಅದೇ ಗುಳಿಗೆ ಕೊಟ್ಟರು. ಮತ್ತೆ ತಿಳಿ, ಸಕ್ಕರೆ ನೀರು. ಬೇಲಿಯಾಚೆ ನಿಂತು, "ಹ್ವಾಯ್, ಎಂತ ಕೊಡ್ತ್ರ್ ಅವ್ರಿಗೆ? ಬರೀ ತಿಳಿ ಕುಡ್ದ್ರೆ ಕರ್ಳ್ ಒಣ್ಗುತ್ತಿಲ್ಯಾ?" ಎಂದು ವಿಚಾರಿಸುವ ಪಂಡಿತರು ಬ್ರಹ್ಮಾವರದಲ್ಲೂ ಇದ್ದರು. ಆ ತಳಿ ಎಲ್ಲ ಮಣ್ಣಲ್ಲೂ ಹುಟ್ಟುತ್ತದೆ. ನಾನು ಬಾಗಿಲ ಚಿಲಕ ಹಾಕಿಕೊಂಡೆ.

ಅಮ್ಮ ಆ ವಾರವನ್ನು ವ್ರತದ ಹಾಗೆ ಮಾಡಿದಳು. ಗುಳಿಗೆಯ ಹೊತ್ತಿಗೆ ತಾನೇ ಎದ್ದು ಕೂರುವಳು. ನಾನು ಸೋಸಿದ ತಿಳಿಯನ್ನು ದೀಪದ ಬೆಳಕಿಗೆ ಹಿಡಿದು, ಅಗುಳು ಇದೆಯೇ ಎಂದು ನೋಡಿ ಮತ್ತೊಮ್ಮೆ ಸೋಸುವಳು. ಪಕ್ಕದ ಮನೆಯವರು ಪ್ರೀತಿಯಿಂದ ಕಳಿಸಿದ ಹಲಸಿನ ಕಡುಬನ್ನು ನೋಡಿ, "ನೀವ್ ತಿನ್ನಿ" ಎಂದು ಮುಖ ತಿರುಗಿಸಿದಳು. ಹಲಸಿನ ಕಡುಬೆಂದರೆ ಅವಳಿಗೆ ಪ್ರಾಣ.

ಡಾಕ್ಟರು ಕಿರಿದಾದ ತುಂಡನ್ನು ತೆಗೆದು ಹೊಲಿದರು. ಹೊಲಿಗೆ ನಿಂತಿತು. ಕೀವಾಗಲಿಲ್ಲ, ಜ್ವರ ಎರಡೇ ದಿನಕ್ಕೆ ಇಳಿಯಿತು. "ಈ ಸಲ ಕರುಳು ಚೊಕ್ಕವಾಗಿತ್ತು" ಎಂದು ಅವರು ಹೇಳಿದಾಗ ಅಮ್ಮ ಹಾಸಿಗೆಯಲ್ಲೇ ಕೈ ಮುಗಿದಳು. ಮತ್ತೆ ಕೆಲವು ವಾರ ಬಿಟ್ಟು ಹೊಟ್ಟೆಯ ಮೇಲಿನ ಬಾಯಿಯನ್ನೂ ಮುಚ್ಚಿದರು.

ಅಷ್ಟರಲ್ಲಿ ಕೋಟೇಶ್ವರದಿಂದ ಹೇಳಿಕಳಿಸುವುದು ಶುರುವಾಗಿತ್ತು. ದೊಡ್ಡತ್ತೆಗೆ ಮಂಡಿನೋವು, ಒಬ್ಬರೇ ರುಬ್ಬಲಾಗುವುದಿಲ್ಲ, ಅಪ್ಪಯ್ಯನಿಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲ. ಹೊಟ್ಟೆ ಮುಚ್ಚಿತು ಎಂದು ತಿಳಿದದ್ದೇ ತಡ, ಶಾಸ್ತ್ರದಲ್ಲಿ ಎಲ್ಲೂ ಇಲ್ಲದ್ದಕ್ಕೆ ಪರಿಹಾರ ಮಾತ್ರ ಶಾಸ್ತ್ರದಲ್ಲಿ ಸಿಕ್ಕಿತು. ಒಂದು ಪುಣ್ಯಾಹ ಮಾಡಿದರೆ ಸಾಕಂತೆ, ಅಡುಗೆಮನೆಗೆ ಬರಬಹುದಂತೆ.

ಹೋಗಬೇಡ ಎಂದೆ. ಅಮ್ಮ ಹೊರಟಳು. ನಾನೂ ಜೊತೆಗೆ ಹೋದೆ. ಮಂತ್ರವಾಯಿತು, ನೀರು ಚಿಮುಕಿಸಿದ್ದಾಯಿತು. ಅಮ್ಮ ಸ್ನಾನ ಮಾಡಿ ಒಗೆದ ಸೀರೆ ಉಟ್ಟು ಬಂದಳು. ಒಳಗೆ ಮಣೆ ಹಾಕಿ ಎಲೆ ಇಟ್ಟಿದ್ದರು, ಅಪ್ಪಯ್ಯನೂ ಪುರೋಹಿತರೂ ಕುಳಿತಿದ್ದರು. ಅಮ್ಮ ಅಡುಗೆಮನೆಯ ಬಾಗಿಲವರೆಗೆ ಹೋಗಿ ಒಂದು ಎಲೆ ಎತ್ತಿಕೊಂಡು ಬಂದು, ಅಪ್ಪಯ್ಯನ ಪಕ್ಕದಲ್ಲಿ ಒಂದು ಮಣೆ ಎಳೆದು ಕುಳಿತಳು. ಗಂಡಸರ ಪಂಕ್ತಿಯಲ್ಲಿ. ಪುರೋಹಿತರು ಲೋಟದ ನೀರು ಎತ್ತಿದವರು ಹಾಗೇ ಹಿಡಿದುಕೊಂಡರು.

ಒಳಗಿನಿಂದ ದೊಡ್ಡತ್ತೆ, "ಹ್ವಾಯ್, ಇಲ್ ಬಾ. ಬಡ್ಸುಕ್ ಯಾರಿತ್ರ್?" ಎಂದು ಕರೆದರು.

ಅಮ್ಮ ಎಲೆಗೆ ನೀರು ಚಿಮುಕಿಸಿ ಒರೆಸುತ್ತ, ದನಿ ಏರಿಸದೆ ಹೇಳಿದಳು. "ನೀವೇ ಬಡ್ಸಿ ಅತ್ಗಿ. ನಿಮ್ ಕೈಯ್ಯಗೆ ಉಂಡ್ ನಾನ್ ಸತ್ತೇ ಹೋತಿದ್ದೆ. ಇನ್ನ್ ನಿಮ್ ಕೈಯ್ಯಗೇ ಉಂಡ್ ಬದ್ಕ್ತೆ. ತನ್ನಿ."

ಅಪ್ಪಯ್ಯ ನನ್ನ ಕಡೆ ನೋಡಿದರು, ನಾನು ಜಂತಿ ನೋಡಿದೆ. ಕಡೆಗೆ ದೊಡ್ಡತ್ತೆ ಅನ್ನದ ಪಾತ್ರೆ ಹಿಡಿದು, ಮಂಡಿಯನ್ನು ಎಳೆದುಕೊಂಡು ಬಂದರು. ಅಮ್ಮನ ಎಲೆಯ ಮುಂದೆ ಬಗ್ಗಿ ಬಡಿಸಿದರು. ಅಮ್ಮ, ಇನ್ನೂ ಸ್ವಲ್ಪ ಹಾಕಿ ಎಂದಳು.